ಕಂಪನಿ ಕಾರು ಸಿಕ್ಕರೆ ಓಡಾಟ ಏಕೆ ಹೆಚ್ಚುತ್ತದೆ? ಕಿಲೋಮೀಟರ್ ಲೆಕ್ಕ

ಕಂಪನಿ ಕಾರು ಎಂದರೆ ಸಂಸ್ಥೆ ತನ್ನ ನೌಕರರಿಗೆ ಸ್ವಂತ ಓಡಾಟಕ್ಕೂ ಬಳಸಲು ಕೊಡುವ ಕಾರು. ಈ ವಿಷಯ ಓದುವಾಗ ಕಾರಿನ ಒಟ್ಟು ಬೆಲೆಯ ಹಿಂದೆ ಬೀಳಬೇಡಿ. ಇನ್ನೊಂದು ಕಿಲೋಮೀಟರ್ ಓಡಿಸಿದರೆ ನೌಕರರ ಜೇಬಿನಿಂದ ಎಷ್ಟು ಹೋಗುತ್ತದೆ ಎಂದು ಕೇಳಿಕೊಳ್ಳಿ. ಇದನ್ನೇ ಸೀಮಾಂತ ವೆಚ್ಚ ಎನ್ನುವುದು.

ಮನೆಯಿಂದ ಕಚೇರಿಗೆ 20 ಕಿ.ಮೀ., ತಿಂಗಳಿಗೆ 22 ಕೆಲಸದ ದಿನ ಎಂದುಕೊಳ್ಳಿ. ಹೋಗಿಬರಲು 880 ಕಿ.ಮೀ. ಆಯಿತು. ಲೆಕ್ಕ ಸುಲಭವಾಗಲೆಂದು ಇಂಧನಕ್ಕೆ ಕಿ.ಮೀ.ಗೆ 1, ಕಂತು ಮತ್ತು ವಿಮೆಗೆ ತಿಂಗಳಿಗೆ 400, ಬಸ್ ಪಾಸಿಗೆ 500 ಇಡೋಣ. ಕಾರು ಇಲ್ಲದವರು 1,280ನ್ನು 500ರ ಜೊತೆ ಹೋಲಿಸುತ್ತಾರೆ. ಕಾರು ಇದ್ದವರಿಗೆ ಆ 400 ಹೇಗೂ ಹೋಗುವ ಹಣ, ಹೋಲಿಕೆ 880 ಮತ್ತು 500ರ ನಡುವೆ. ಇಬ್ಬರಿಗೂ ಬಸ್ಸೇ ಅಗ್ಗ. ಕಂಪನಿ ಕಾರಿನ ಜೊತೆ ಇಂಧನ ಕಾರ್ಡೂ (ಇಂಧನದ ಬಿಲ್ ಕಂಪನಿಯೇ ಕಟ್ಟುವ ಕಾರ್ಡ್) ಸಿಕ್ಕವರಿಗೆ ಮಾತ್ರ ಕಾರಿನ ಖರ್ಚು 0. ಸೌಲಭ್ಯದ ಮೇಲೆ ತೆರಿಗೆ ಕಟ್ಟಿದರೂ, ಅದು ಓಡಿಸಿದ ದೂರಕ್ಕೆ ತಕ್ಕಂತೆ ಏರದಿದ್ದರೆ ಈ ಸೊನ್ನೆ ಬದಲಾಗುವುದಿಲ್ಲ. ವಾರಾಂತ್ಯದ ಸುತ್ತಾಟಕ್ಕೂ ಇದೇ ಲೆಕ್ಕ. ಕಚೇರಿಯಿಂದ ದೂರ ಮನೆ ಮಾಡುವುದೂ ಹಗುರವೆನಿಸುತ್ತದೆ.

ತೆರಿಗೆಯ ನಿಯಮವೇ ಓಡಾಟ ಹೆಚ್ಚಿಸಿದ ಉದಾಹರಣೆ ಬ್ರಿಟನ್‌ನದು. 2002ರ ಏಪ್ರಿಲ್‌ಗೆ ಮುಂಚೆ ಅಲ್ಲಿ ಕಚೇರಿ ಕೆಲಸಕ್ಕೆ ವರ್ಷಕ್ಕೆ 2,500 ಮೈಲಿ ಓಡಿಸಿದರೆ ಕಂಪನಿ ಕಾರಿನ ಮೇಲಿನ ತೆರಿಗೆ ಇಳಿಯುತ್ತಿತ್ತು, 18,000 ಮುಟ್ಟಿದರೆ ಇನ್ನಷ್ಟು. 17,500ರಲ್ಲಿ ನಿಂತವರಿಗೆ ಉಳಿದ 500 ಮೈಲಿ ಓಡಿಸುವುದೇ ಲಾಭ! ಆಮೇಲೆ ತೆರಿಗೆಯನ್ನು ಕಾರಿನ ಬೆಲೆ ಮತ್ತು ಕಿ.ಮೀ.ಗೆ ಹೊರಬರುವ ಇಂಗಾಲದ ಡೈಆಕ್ಸೈಡ್‌ಗೆ ಜೋಡಿಸಿದರು. ಹೆಚ್ಚುವರಿ ಮೈಲಿಯ ಆಸೆ ಹೋಯಿತು, ಆದರೆ ಆಯ್ಕೆ ಕಿ.ಮೀ.ಗೆ ಆ ಅನಿಲ ಕಡಿಮೆ ಬಿಡುವ ಡೀಸೆಲ್ ಕಾರುಗಳತ್ತ ವಾಲಿತು. ಒಂದು ತೂತು ಮುಚ್ಚಿದಾಗ ಇನ್ನೊಂದು ಎಲ್ಲಿ ತೆರೆಯಿತೆಂದು ಹುಡುಕುವುದು ಇಲ್ಲಿ ಕಲಿಯಬೇಕಾದ ಅಭ್ಯಾಸ.

ಉಚಿತ ಪಾರ್ಕಿಂಗ್ ಕೂಡ ಕಾರಿಗೆ ಕೊಟ್ಟ ಸೌಲಭ್ಯವೇ, ಹಲವರು ಇದನ್ನು ಮರೆಯುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಪಾರ್ಕಿಂಗ್ ಬೇಡವೆಂದವರಿಗೆ ಅಷ್ಟೇ ಹಣ ಕೊಡುವ ಕಾನೂನು 1992ರಲ್ಲಿ ಬಂತು. ಪಾರ್ಕಿಂಗ್ ಬಗ್ಗೆ ಸಂಶೋಧನೆ ಮಾಡಿದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ ಅದನ್ನು ಪಾಲಿಸಿದ 8 ಸಂಸ್ಥೆಗಳನ್ನು ಗಮನಿಸಿದಾಗ, ಒಬ್ಬರೇ ಕಾರಿನಲ್ಲಿ ಬರುವವರ ಪಾಲು ಶೇ. 76ರಿಂದ 63ಕ್ಕೆ ಇಳಿದಿತ್ತು. ಯಾರ ಕಾರನ್ನೂ ಕಿತ್ತುಕೊಂಡಿರಲಿಲ್ಲ.

ಉತ್ತರ ಬರೆಯುವಾಗ ಆಗುವ ದೊಡ್ಡ ತಪ್ಪು: ಕಂಪನಿ ಕಾರು ಇರುವವರು ಹೆಚ್ಚು ಓಡಿಸುತ್ತಾರೆ, ಆದ್ದರಿಂದ ಕಾರೇ ಕಾರಣ ಎಂದುಬಿಡುವುದು. ಮೊದಲೇ ಹೆಚ್ಚು ತಿರುಗುವ ಕೆಲಸದವರೇ ಅಂಥ ಕಾರು ಕೇಳಿ ಪಡೆಯುತ್ತಾರೆ. ಹಾಗಾಗಿ ಕಾರು ಸಿಗುವ ಮುಂಚಿನ ಮತ್ತು ಆಮೇಲಿನ ಕಿಲೋಮೀಟರುಗಳನ್ನು ಅದೇ ವ್ಯಕ್ತಿಗೆ ನೋಡಿ. ಕಚೇರಿ ಕೆಲಸದ್ದನ್ನೂ ಸ್ವಂತದ್ದನ್ನೂ ಬೇರೆ ಮಾಡಿ. ಕಾರು ಸಿಗದ ಸಹೋದ್ಯೋಗಿಗಳ ಓಡಾಟ ಅದೇ ಅವಧಿಯಲ್ಲಿ ಎಷ್ಟು ಬದಲಾಯಿತೆಂದು ಪಕ್ಕದಲ್ಲೇ ಬರೆಯಿರಿ.