ಜಿಟಿಜಿಟಿ ಮಳೆಯ ಮೇಲೆ ಹದಿನೆಂಟು ಕಿಲೋಮೀಟರ್

ಶ್ರಾವಣ ಬಂದರೆ ಧಾರವಾಡದಲ್ಲಿ ಬಟ್ಟೆ ಒಣಗುವುದಿಲ್ಲ. ದಿನವಿಡೀ ಜಿಟಿಜಿಟಿ ಮಳೆ. ಮಧ್ಯಾಹ್ನವೂ ಸ್ವೆಟರ್ ಬೇಕು. ಏಪ್ರಿಲ್‌ನಲ್ಲಿ ಕಾದ ಹಂಚಿನಂತಿದ್ದ ಊರು ಇದೇನಾ ಅನಿಸುತ್ತದೆ. ಆದರೆ ನಮ್ಮ ನೆತ್ತಿಯ ಮೇಲೆ ಸುಮಾರು 18 ಕಿಲೋಮೀಟರ್ ಎತ್ತರದಲ್ಲಿ ವರ್ಷದ ಬೆಚ್ಚನೆಯ ಕಾಲ ಇದೇ. ಅಲ್ಲಿ ಬೆಚ್ಚಗೆ ಅಂದರೆ ಸೊನ್ನೆಗಿಂತ ಸುಮಾರು 70 ಡಿಗ್ರಿ ಕೆಳಗೆ! ಜನವರಿ, ಫೆಬ್ರವರಿ ಹೊತ್ತಿಗೆ ಅದು ಇನ್ನೂ ಏಳೆಂಟು ಡಿಗ್ರಿ ಇಳಿಯುತ್ತದೆ.

ಇದನ್ನು ಅಳೆಯುವುದು ಬಲೂನಿನಿಂದ. ಘಟ್ಟ ಇಳಿದರೆ ಪಣಜಿ, ಮಂಗಳೂರು, ಈ ಕಡೆ ಬೆಂಗಳೂರು. ಇಲ್ಲೆಲ್ಲ ಹವಾಮಾನ ಇಲಾಖೆಯವರು ಹೈಡ್ರೋಜನ್ ತುಂಬಿದ ರಬ್ಬರ್ ಬಲೂನಿಗೆ ರೇಡಿಯೊಸಾಂಡ್ ಎಂಬ ಪುಟ್ಟ ಪೆಟ್ಟಿಗೆ ಕಟ್ಟಿ ಬಿಡುತ್ತಾರೆ. ಬೆಳಗಿನ ಮತ್ತು ಸಂಜೆಯ ಐದೂವರೆಯ ಲೆಕ್ಕಕ್ಕೆ ಜಗತ್ತಿನ ಉಳಿದ ಕೇಂದ್ರಗಳಿಂದಲೂ ಬಲೂನುಗಳು ಏಳುತ್ತವೆ. ನಿಮಿಷಕ್ಕೆ ಸುಮಾರು 300 ಮೀಟರ್ ವೇಗ. ಒಂದು ತಾಸಿನಲ್ಲಿ ನಾವು ಹೇಳುತ್ತಿರುವ ಎತ್ತರ ಬರುತ್ತದೆ. 30 ಕಿಲೋಮೀಟರ್ ಆಸುಪಾಸಿನಲ್ಲಿ ಬಲೂನು ಉಬ್ಬಿ ಒಡೆಯುತ್ತದೆ.

ಪೆಟ್ಟಿಗೆಯಲ್ಲಿ ತಾಪ ಅಳೆಯುವುದು ಥರ್ಮಿಸ್ಟರ್, ಒಂದು ಸಣ್ಣ ಮಣಿ. ತಂಪಾದಂತೆ ಅದರಲ್ಲಿ ಕರೆಂಟು ಹರಿಯುವುದು ಕಷ್ಟವಾಗುತ್ತದೆ. ಅಷ್ಟನ್ನು ಅಳೆದರೆ ಸಾಕು. ನಿಜವಾದ ತೊಂದರೆ ಬಿಸಿಲಿನದು. ಮೇಲೆ ಗಾಳಿ ತೀರಾ ತೆಳು. ಮಣಿಗೆ ಬಿದ್ದ ಬಿಸಿಲಿನ ಶಾಖವನ್ನು ಒಯ್ಯಲು ಸಾಕಷ್ಟು ಗಾಳಿಯೇ ಇರುವುದಿಲ್ಲ. ಹಾಗಾಗಿ ಮಣಿ ಗಾಳಿಯ ತಾಪದ ಬದಲು ತನ್ನದೇ ತಾಪ ಹೇಳಿಬಿಡುತ್ತದೆ. ನಾವು ಹುಡುಕುತ್ತಿರುವುದೇ ಏಳೆಂಟು ಡಿಗ್ರಿಯ ಏರಿಳಿತ. ಅದರಲ್ಲಿ ಒಂದು ಡಿಗ್ರಿ ತಪ್ಪಿದರೂ ಜಾಸ್ತಿಯೇ ಅಲ್ವಾ? ಅದಕ್ಕೇ ಮಣಿಗೆ ಹೊಳೆಯುವ ಲೇಪ ಹಚ್ಚುತ್ತಾರೆ, ಸೂರ್ಯ ಎಷ್ಟು ಮೇಲಿದ್ದ ಎಂದು ನೋಡಿ ಲೆಕ್ಕ ತಿದ್ದುತ್ತಾರೆ. 2006ರಲ್ಲಿ ಹಾರಿದ ಕಾಸ್ಮಿಕ್ ಸರಣಿಯ ಆರು ಉಪಗ್ರಹಗಳಿಗೆ ಈ ಕಾಟ ಇರಲಿಲ್ಲ. ಜಿಪಿಎಸ್ ಸಂಕೇತ ಗಾಳಿಯ ಪದರದಲ್ಲಿ ಎಷ್ಟು ಬಾಗಿತು ಎಂಬುದರಿಂದಲೇ ಅವು ತಾಪ ಲೆಕ್ಕ ಹಾಕಿಕೊಟ್ಟವು.

ಸರಿ, ಅಲ್ಲಿ ಚಳಿಗಾಲ ಬರುವುದು ಯಾಕೆ? ಸೈಕಲ್ ಟ್ಯೂಬಿನ ವಾಲ್ವ್ ಒತ್ತಿ ನೋಡಿ. ಹೊರಬರುವ ಗಾಳಿ ತಣ್ಣಗಿರುತ್ತದೆ. ಹಿಗ್ಗುವ ಗಾಳಿ ತಂಪಾಗುತ್ತದೆ. ಉತ್ತರ ಗೋಳದ ಚಳಿಗಾಲದಲ್ಲಿ ಹಿಮಾಲಯ, ರಾಕಿಯಂಥ ಪರ್ವತಗಳು ಗಾಳಿಯಲ್ಲಿ ದೊಡ್ಡ ಅಲೆ ಎಬ್ಬಿಸುತ್ತವೆ. ಆ ಅಲೆಗಳು ಮೇಲಿನ ಗಾಳಿಯನ್ನು ಧ್ರುವದ ಕಡೆಗೆ ದೂಡುತ್ತವೆ. ಖಾಲಿಯಾದ ಜಾಗಕ್ಕೆ ನಮ್ಮ ಉಷ್ಣವಲಯದ ಗಾಳಿ ಏರುತ್ತದೆ, ಹಿಗ್ಗುತ್ತದೆ, ತಣಿಯುತ್ತದೆ. ದಕ್ಷಿಣ ಗೋಳದಲ್ಲಿ ಸಮುದ್ರವೇ ಜಾಸ್ತಿ, ಅಷ್ಟು ಬಲದ ಅಲೆ ಏಳುವುದಿಲ್ಲ. ಹಾಗಾಗಿ ಅಲ್ಲಿಯ ಚಳಿಗಾಲದಲ್ಲಿ, ಅಂದರೆ ನಮ್ಮ ಶ್ರಾವಣದ ಹೊತ್ತಿಗೆ, ಈ ಏರಿಕೆ ನಿಧಾನವಾಗುತ್ತದೆ.

ನನಗೆ ತುಂಬಾ ಹಿಡಿಸಿದ ಸಂಗತಿ ಇನ್ನೊಂದಿದೆ. ಆ ಚಳಿಯ ಪದರ ದಾಟುವಾಗ ಗಾಳಿಯ ತೇವ ಮಂಜುಗಡ್ಡೆಯ ಕಣಗಳಾಗಿ ಉದುರುತ್ತದೆ. ಜನವರಿಯ ಗಾಳಿ ಹೆಚ್ಚು ಒಣಗಿ ಮೇಲೆ ಹೋಗುತ್ತದೆ, ಆಗಸ್ಟಿನದು ಸ್ವಲ್ಪ ತೇವ ಉಳಿಸಿಕೊಳ್ಳುತ್ತದೆ. ಒಂದರ ಮೇಲೊಂದು ಪದರವಾಗಿ ಅವು ದಿನಕ್ಕೆ ಇಪ್ಪತ್ತು ಮೂವತ್ತು ಮೀಟರಿನಂತೆ ಏರುತ್ತವೆ. ಮುಂದಿನ ಸಂಕ್ರಾಂತಿಗೆ ನಾವು ಎಳ್ಳುಬೆಲ್ಲ ಹಂಚುವಾಗಲೂ ಹೋದ ಸಂಕ್ರಾಂತಿಯ ಒಣಗಾಳಿ ಇನ್ನೂ ಏರುತ್ತಲೇ ಇರುತ್ತದೆ.