ಕಾಂಗ್ರೆಸ್ ಮಂಜೂರು ಮಾಡಿದ ವಿದೇಶಿ ನೆರವನ್ನು ಅಮೆರಿಕದ ಅಧ್ಯಕ್ಷರು ತಡೆಯಬಹುದೇ?

ಓದುಗರ ಪ್ರಶ್ನೆ: ವಿದೇಶಿ ನೆರವಿಗೆ ಅಂತ ಅಮೆರಿಕದ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಮತ ಹಾಕಿ ಹಣ ಕೊಡುತ್ತದೆ. ಆಮೇಲೆ ನೋಡಿದರೆ ಅಧ್ಯಕ್ಷರು ಅದನ್ನು ನಿಲ್ಲಿಸಿದರು ಅಂತ ಸುದ್ದಿ ಬರುತ್ತದೆ. ಹಾಗಾದರೆ ಆ ಮತಕ್ಕೆ ಏನು ಬೆಲೆ?

ಉತ್ತರ: ಕಾನೂನಿನ ಪ್ರಕಾರ ಅಧ್ಯಕ್ಷರು ತಮ್ಮ ಇಷ್ಟಕ್ಕೆ ಆ ಹಣ ತಡೆಯುವಂತಿಲ್ಲ. ಆದರೆ 2025ರಲ್ಲಿ ಅಧ್ಯಕ್ಷ ಟ್ರಂಪ್ ಎರಡು ಸಲ ತಡೆದರು, ಎರಡು ಸಲವೂ ದಕ್ಕಿಸಿಕೊಂಡರು. ಮೊದಲನೆಯದು ಕಾಂಗ್ರೆಸ್ಸಿನ ಮತದಿಂದಲೇ ಆಯಿತು. ಎರಡನೆಯದಕ್ಕೆ ಮತವೇ ಬೇಕಾಗಲಿಲ್ಲ. ಇದು ಹೇಗೆ ಸಾಧ್ಯ ಅಂತ ತಿಳಿಯಬೇಕಾದರೆ ಮೊದಲು ಹಣ ಹೇಗೆ ಮಂಜೂರಾಗುತ್ತದೆ ಅನ್ನುವುದನ್ನು ನೋಡಬೇಕು.

ಕಾನೂನಿನ ಮೂಲಕ ಮಂಜೂರಾಗದೆ ಖಜಾನೆಯಿಂದ ಹಣ ತೆಗೆಯುವಂತಿಲ್ಲ ಎಂದು ಅಮೆರಿಕದ ಸಂವಿಧಾನ ಹೇಳುತ್ತದೆ. ಅಲ್ಲಿ ಹಣಕಾಸು ವರ್ಷ ಶುರುವಾಗುವುದು ಅಕ್ಟೋಬರ್ 1ಕ್ಕೆ. ಅಷ್ಟರೊಳಗೆ 12 ವಿನಿಯೋಗ ಮಸೂದೆಗಳು, ಅಂದರೆ ಹಣ ಮಂಜೂರು ಮಾಡುವ ಮಸೂದೆಗಳು, ಪಾಸಾಗಬೇಕು. ಅದರಲ್ಲಿ ಒಂದು ವಿದೇಶಾಂಗ ಇಲಾಖೆ ಮತ್ತು ವಿದೇಶಿ ನೆರವಿನದು. ರಾಯಭಾರ ಕಚೇರಿಗಳ ಸಂಬಳ, ವಿಶ್ವಸಂಸ್ಥೆಗೆ ಕಟ್ಟುವ ವಂತಿಗೆ, ನಿರಾಶ್ರಿತರ ನೆರವು, ಎಚ್‌ಐವಿ ರೋಗಿಗಳ ಔಷಧಿ ಎಲ್ಲವೂ ಈ ಒಂದೇ ಮಸೂದೆಯಲ್ಲಿವೆ. ಇಸ್ರೇಲಿಗೆ ಶಸ್ತ್ರಾಸ್ತ್ರ ಕೊಳ್ಳಲು ವರ್ಷಕ್ಕೆ ಕೊಡುವ 330 ಕೋಟಿ ಡಾಲರ್, ಈಜಿಪ್ಟಿನ 130 ಕೋಟಿ ಡಾಲರ್ ಕೂಡ ಇಲ್ಲಿಂದಲೇ ಹೋಗುತ್ತವೆ. ವಿದೇಶಿ ನೆರವು ಎಂದರೆ ಬರೀ ಅಕ್ಕಿ, ಗೋಧಿ, ಔಷಧಿ ಅಂದುಕೊಂಡವರು ಇದನ್ನು ಗಮನಿಸಬೇಕು.

ಇಷ್ಟೆಲ್ಲ ಒಂದೇ ಕಡೆ ಸೇರಿರುವುದರಿಂದಲೇ ಮಸೂದೆ ಪಾಸಾಗುತ್ತದೆ. ಒಬ್ಬ ಸದಸ್ಯರಿಗೆ ಇಸ್ರೇಲ್ ಮುಖ್ಯ, ಇನ್ನೊಬ್ಬರಿಗೆ ಆಫ್ರಿಕಾದ ಆರೋಗ್ಯ ಕಾರ್ಯಕ್ರಮ ಮುಖ್ಯ. ತಮಗೆ ಬೇಕಾದದ್ದು ಸಿಗಲಿ ಅಂತ ಬೇಡದ್ದಕ್ಕೂ ಕೈ ಎತ್ತುತ್ತಾರೆ. ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟ್‌ನಲ್ಲಿ 100 ಸದಸ್ಯರು. ಇಂಥ ಮಸೂದೆಯ ಮೇಲಿನ ಚರ್ಚೆ ಮುಗಿಸಿ ಅಂತಿಮ ಮತಕ್ಕೆ ತರಲು 60 ಮತ ಬೇಕು. ಒಂದೇ ಪಕ್ಷಕ್ಕೆ 60 ಸ್ಥಾನ ಸಿಗುವುದು ತೀರ ಅಪರೂಪ. ಹಾಗಾಗಿ ರಿಪಬ್ಲಿಕನ್ನರು, ಡೆಮಾಕ್ರಟರು ಕೂತು ಮಾತಾಡಿ, ಕೊಟ್ಟು ತೆಗೆದುಕೊಂಡು ಒಪ್ಪಂದಕ್ಕೆ ಬರಲೇಬೇಕು. ಈ 60 ಅನ್ನುವ ಸಂಖ್ಯೆ ನೆನಪಿಟ್ಟುಕೊಳ್ಳಿ.

ಎಷ್ಟೋ ವರ್ಷ ಈ ಮಸೂದೆ ಪ್ರತ್ಯೇಕವಾಗಿ ಮತಕ್ಕೇ ಬರುವುದಿಲ್ಲ. ಬೇರೆ ಮಸೂದೆಗಳ ಜೊತೆ ಒಂದೇ ಕಟ್ಟಾಗಿ ಪಾಸಾಗುತ್ತದೆ. ಆಗ ಯಾರು ನೆರವಿನ ಪರ, ಯಾರು ವಿರುದ್ಧ ಅಂತ ಹೇಳುವುದು ಕಷ್ಟ. 2024ರ ಏಪ್ರಿಲ್ 20ರಂದು ಮಾತ್ರ ಚಿತ್ರ ಸ್ಪಷ್ಟವಾಗಿತ್ತು. ಅದು ವಾರ್ಷಿಕ ಮಸೂದೆಯಲ್ಲ, ಹೆಚ್ಚುವರಿ ನೆರವು. ಅಂದು ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿ ಉಕ್ರೇನ್, ಇಸ್ರೇಲ್, ಇಂಡೋ-ಪೆಸಿಫಿಕ್ ದೇಶಗಳ ನೆರವಿನ ಮೇಲೆ ಬೇರೆ ಬೇರೆಯಾಗಿ ಮತ ನಡೆಯಿತು. ಉಕ್ರೇನ್ ನೆರವಿಗೆ 311 ಪರ, 112 ವಿರುದ್ಧ. ಆ 112 ಮತಗಳೂ ರಿಪಬ್ಲಿಕನ್ನರದ್ದು. ಪರವಾಗಿ ನಿಂತ ರಿಪಬ್ಲಿಕನ್ನರು 101. ಅಂದರೆ ಸದನದಲ್ಲಿ ಬಹುಮತವಿದ್ದ ಪಕ್ಷದೊಳಗೆ ವಿರೋಧಿಸಿದವರೇ ಜಾಸ್ತಿ. ಆದರೂ ಮಸೂದೆ ಗೆದ್ದಿತು, ಡೆಮಾಕ್ರಟರ ಮತ ಸೇರಿದ್ದರಿಂದ.

ಈಗ ತಡೆಯುವ ವಿಷಯಕ್ಕೆ ಬರೋಣ. 1970ರ ದಶಕದ ಆರಂಭದಲ್ಲಿ ಅಧ್ಯಕ್ಷ ನಿಕ್ಸನ್ ಕಾಂಗ್ರೆಸ್ ಕೊಟ್ಟ ಹಣವನ್ನು ದೊಡ್ಡ ಮಟ್ಟದಲ್ಲಿ ಖರ್ಚು ಮಾಡದೆ ಇಟ್ಟುಕೊಂಡರು. ಕಾಂಗ್ರೆಸ್ ಸಿಟ್ಟಾಗಿ 1974ರಲ್ಲಿ ಒಂದು ಕಾನೂನು ತಂದಿತು. ಅಧ್ಯಕ್ಷರಿಗೆ ಯಾವುದಾದರೂ ಹಣ ಬೇಡ ಅನಿಸಿದರೆ ಕಾಂಗ್ರೆಸ್ಸಿಗೆ ಪತ್ರ ಕಳಿಸಿ ರದ್ದು ಮಾಡಿ ಎಂದು ಕೇಳಬಹುದು. ಕಾಂಗ್ರೆಸ್ ನಿರ್ಧರಿಸುವ ತನಕ, ಅಧಿವೇಶನದ 45 ದಿನಗಳವರೆಗೆ ಹಣ ತಡೆದಿಡಬಹುದು. ಅಷ್ಟರಲ್ಲಿ ಕಾಂಗ್ರೆಸ್ ಒಪ್ಪದಿದ್ದರೆ ಹಣ ಬಿಡುಗಡೆ ಮಾಡಲೇಬೇಕು.

ನಿಜವಾದ ತಿರುವು ಇರುವುದು ಇಲ್ಲೇ. ಹೀಗೆ ರದ್ದು ಮಾಡಲು ಸೆನೆಟ್‌ನಲ್ಲಿ 60 ಮತ ಬೇಡ, ಸರಳ ಬಹುಮತ ಸಾಕು. ಕೊಡುವಾಗ ಎರಡೂ ಪಕ್ಷ ಸೇರಬೇಕು, ಕಿತ್ತುಕೊಳ್ಳುವಾಗ ಒಂದು ಪಕ್ಷ ಸಾಕು! 2018ರಲ್ಲಿ ಟ್ರಂಪ್ ಈ ದಾರಿ ಹಿಡಿದಿದ್ದರು. ಆಗ ಸೆನೆಟ್‌ನಲ್ಲಿ 48-50ರಲ್ಲಿ ಸೋಲಾಯಿತು. ಮುಂದಿನ ವರ್ಷ ಉಕ್ರೇನಿನ ಸೇನಾ ನೆರವನ್ನು ಯಾರನ್ನೂ ಕೇಳದೆ ತಡೆಹಿಡಿದರು. ಕಾಂಗ್ರೆಸ್ಸಿನ ಲೆಕ್ಕಪರಿಶೋಧನಾ ಸಂಸ್ಥೆಯಾದ ಜಿಎಒ ಅದು ಕಾನೂನಿನ ಉಲ್ಲಂಘನೆ ಎಂದು 2020ರ ಜನವರಿಯಲ್ಲಿ ಹೇಳಿತು. ಟ್ರಂಪ್ ಅವರ ಮೊದಲ ವಾಗ್ದಂಡನೆಯ (ಇಂಪೀಚ್‌ಮೆಂಟ್) ಮೂಲದಲ್ಲಿದ್ದದ್ದು ಇದೇ ಪ್ರಕರಣ.

2025ರ ಜೂನ್ 3ರಂದು ಟ್ರಂಪ್ ಸರ್ಕಾರ ಮತ್ತೆ ಪತ್ರ ಕಳಿಸಿತು. ಒಟ್ಟು 940 ಕೋಟಿ ಡಾಲರ್ ರದ್ದಾಗಬೇಕು, ಅದರಲ್ಲಿ ಬಹುಪಾಲು ವಿದೇಶಿ ನೆರವು, ಉಳಿದದ್ದು ಸಾರ್ವಜನಿಕ ರೇಡಿಯೊ-ಟಿವಿಯ ಹಣ. ಪ್ರತಿನಿಧಿ ಸಭೆಯಲ್ಲಿ 214-212ರಿಂದ ಹೇಗೋ ಪಾಸಾಯಿತು. ಸೆನೆಟ್‌ನಲ್ಲಿ ಮಸೂದೆಯನ್ನು ಚರ್ಚೆಗೆ ಎತ್ತಿಕೊಳ್ಳಬೇಕೇ ಎಂಬ ಮತವೇ 50-50ಕ್ಕೆ ನಿಂತಿತು. ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ಬಂದು ತಮ್ಮ ಮತ ಹಾಕಬೇಕಾಯಿತು. ಏಡ್ಸ್ ವಿರುದ್ಧದ ಪೆಪ್‌ಫಾರ್ ಕಾರ್ಯಕ್ರಮದಿಂದ 40 ಕೋಟಿ ಡಾಲರ್ ಕತ್ತರಿಸಲು ಕೆಲವು ರಿಪಬ್ಲಿಕನ್ನರಿಗೆ ಮನಸ್ಸು ಒಪ್ಪಲಿಲ್ಲ. ಅದು 2003ರಲ್ಲಿ ಅವರದೇ ಪಕ್ಷದ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಶುರು ಮಾಡಿದ ಕಾರ್ಯಕ್ರಮ. ಕೊನೆಗೆ ಆ 40 ಕೋಟಿಯನ್ನು ಪಟ್ಟಿಯಿಂದ ಕೈಬಿಟ್ಟರು. ರಾತ್ರಿಯಿಡೀ ತಿದ್ದುಪಡಿಗಳ ಮೇಲೆ ಮತ ನಡೆದು, ಜುಲೈ 17ರ ನಸುಕಿನಲ್ಲಿ 51-48ರಿಂದ ಗೆದ್ದಿತು. ವಿರುದ್ಧ ಮತ ಹಾಕಿದ ಇಬ್ಬರು ರಿಪಬ್ಲಿಕನ್ನರಲ್ಲಿ ಒಬ್ಬರು ಸೂಸನ್ ಕಾಲಿನ್ಸ್. ಹಣ ಮಂಜೂರು ಮಾಡುವ ಸೆನೆಟ್ ಸಮಿತಿಗೆ ಅವರೇ ಅಧ್ಯಕ್ಷೆ. ಯಾವ ಕಾರ್ಯಕ್ರಮದಿಂದ ಎಷ್ಟು ಕಡಿತ ಎಂಬ ವಿವರವನ್ನೇ ಸರ್ಕಾರ ಕೊಟ್ಟಿಲ್ಲ ಅನ್ನುವುದು ಅವರ ತಕರಾರು. ನನಗೆ ಇದು ತುಂಬ ಗಂಭೀರ ಮಾತು ಅನಿಸುತ್ತದೆ. ಏನನ್ನು ಕತ್ತರಿಸುತ್ತಿದ್ದೇವೆ ಅಂತ ಗೊತ್ತಿಲ್ಲದೆ ಮತ ಹಾಕುವುದು ಸರಿಯಲ್ಲ, ಅಲ್ವಾ?

ಇಷ್ಟಾದರೂ ಅದು ಮತದಿಂದ ಆದದ್ದು. ಕಾನೂನು ಪಾಲನೆಯಾಯಿತು, ಒಪ್ಪೋಣ. ಒಂದೂವರೆ ತಿಂಗಳಾಗುವಷ್ಟರಲ್ಲಿ ಆಗಸ್ಟ್ ಕೊನೆಗೆ ಇನ್ನೊಂದು ಪತ್ರ ಬಂತು: 490 ಕೋಟಿ ಡಾಲರ್ ವಿದೇಶಿ ನೆರವು ರದ್ದು ಮಾಡಿ. ಆ ಹಣದ ಅವಧಿ ಮುಗಿಯುವುದು ಸೆಪ್ಟೆಂಬರ್ 30ಕ್ಕೆ, ಆಮೇಲೆ ಅದನ್ನು ಬಳಸುವಂತಿಲ್ಲ. 45 ದಿನ ತಡೆದಿಟ್ಟರೆ ಅವಧಿ ತಾನಾಗೇ ಮುಗಿಯುತ್ತದೆ. ಕಾಂಗ್ರೆಸ್ ಹೂಂ ಅನ್ನಬೇಕಿಲ್ಲ, ಊಹೂಂ ಅನ್ನಲೂ ಸಮಯವಿಲ್ಲ. ಅಲ್ಲಿನವರು ಇದನ್ನು 'ಪಾಕೆಟ್ ರಿಸಿಷನ್' ಅನ್ನುತ್ತಾರೆ. ಸುಮಾರು ಐದು ದಶಕಗಳಿಂದ ಯಾವ ಅಧ್ಯಕ್ಷರೂ ಇದನ್ನು ಬಳಸಿರಲಿಲ್ಲ. ಇದು ಕಾನೂನುಬಾಹಿರ ಎಂದು ಜಿಎಒ ಹೇಳಿತು, ಕಾಲಿನ್ಸ್ ಕೂಡ ಹೇಳಿದರು.

ನೆರವು ಸಂಸ್ಥೆಗಳು ಕೋರ್ಟಿಗೆ ಹೋದವು. ಹಣ ಖರ್ಚು ಮಾಡಲೇಬೇಕು ಎಂದು ಕೆಳಗಿನ ಕೋರ್ಟ್ ಆದೇಶಿಸಿತು. ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಮೂವರು ನ್ಯಾಯಮೂರ್ತಿಗಳು ಒಪ್ಪಲಿಲ್ಲ. ತಡೆದದ್ದು ಸರಿ ಎಂದು ಬಹುಮತದ ಆದೇಶ ಹೇಳಲಿಲ್ಲ. 1974ರ ಕಾನೂನಿನ ಕಾರಣದಿಂದ ಇಂಥ ಸಂಸ್ಥೆಗಳು ಹೀಗೆ ದಾವೆ ಹೂಡಲು ಬರುವುದಿಲ್ಲ ಎಂಬ ಸರ್ಕಾರದ ವಾದದಲ್ಲಿ ಹುರುಳಿರುವಂತಿದೆ ಎಂದಿತು. ಇದು ಮಧ್ಯಂತರ ಆದೇಶ ಮಾತ್ರ. ಆದರೆ ನಾಲ್ಕು ದಿನ ಕಳೆಯುತ್ತಲೇ ಈ ದಾವೆಯಲ್ಲಿದ್ದ ಸುಮಾರು 400 ಕೋಟಿ ಡಾಲರಿನ ಅವಧಿ ಮುಗಿದೇ ಹೋಯಿತು.

ಇಷ್ಟಕ್ಕೂ ಉಳಿತಾಯವಾದದ್ದೆಷ್ಟು ಅಂತ ಕೇಳುವವರಿದ್ದಾರೆ. ಅಮೆರಿಕದ ಕೇಂದ್ರ ಸರ್ಕಾರದ ಖರ್ಚಿನಲ್ಲಿ ವಿದೇಶಿ ನೆರವಿನ ಪಾಲು ಸುಮಾರು ಶೇ. 1. ಸಮೀಕ್ಷೆಗಳಲ್ಲಿ ಅಲ್ಲಿನ ಜನ ಕೊಡುವ ಅಂದಾಜು ಸರಾಸರಿ ಶೇ. 20 ದಾಟುತ್ತದೆ! ನೆರವು ಕತ್ತರಿಸುವುದು ರಾಜಕೀಯವಾಗಿ ಸುಲಭವಾಗಲು ಈ ತಪ್ಪು ಅಂದಾಜು ಒಂದು ದೊಡ್ಡ ಕಾರಣ ಎಂದು ನನ್ನ ನಂಬಿಕೆ.

ಹಾಗಾದರೆ ಮತಕ್ಕೆ ಬೆಲೆ ಇಲ್ಲವೇ? ಇದೆ. ಹಣ ಹೊರಬರಲು ಬೇರೆ ದಾರಿಯೇ ಇಲ್ಲವಲ್ಲ. ಆದರೆ ಒಪ್ಪಂದ ಮಾಡಿಕೊಂಡ ಮೇಲೆ ಎದುರು ಪಕ್ಷ ಅದನ್ನು ಮುರಿಯುವುದಿಲ್ಲ ಎಂಬ ನಂಬಿಕೆ ಇದ್ದರೆ ಮಾತ್ರ ಆ 60 ಮತ ಕೂಡುತ್ತದೆ. 2025ರ ಅಕ್ಟೋಬರ್ 1ರಂದು ಅಮೆರಿಕ ಸರ್ಕಾರ ಹಣವಿಲ್ಲದೆ ಸ್ಥಗಿತವಾದಾಗ ಡೆಮಾಕ್ರಟರ ಮುಖ್ಯ ಬೇಡಿಕೆ ಆರೋಗ್ಯ ವಿಮೆಯ ಸಬ್ಸಿಡಿಯದ್ದು. ಅದರ ಜೊತೆ ಅವರ ಮಸೂದೆಯಲ್ಲಿ ಇನ್ನೊಂದು ಷರತ್ತೂ ಇತ್ತು: ಕಾಂಗ್ರೆಸ್ ಕೊಟ್ಟ ಹಣವನ್ನು ಅಧ್ಯಕ್ಷರು ಹೀಗೆ ತಡೆಹಿಡಿಯದಂತೆ ಕಡಿವಾಣ ಹಾಕಬೇಕು. ಆ ಸ್ಥಗಿತ 43 ದಿನ ನಡೆಯಿತು.