ಗೋಲ್ಡ್ ಫಿಶ್‌ಗೆ ಜೊತೆ ಹುಡುಕುವ ಮುಂಚೆ

ಗೋಲ್ಡ್ ಫಿಶ್ ಸಾಕಿದವರು ಸ್ವಲ್ಪ ದಿನ ಕಳೆದ ಮೇಲೆ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ. "ಡಾಕ್ಟ್ರೇ, ಪಾಪ ಒಂದೇ ಇದೆ, ಜೊತೆಗೆ ಇನ್ನೇನು ಬಿಡಬಹುದು?" ಪ್ರಶ್ನೆ ಸರಿಯಾಗಿಯೇ ಇದೆ. ಗೋಲ್ಡ್ ಫಿಶ್ ಗುಂಪಿನಲ್ಲಿ ಬದುಕುವ ಮೀನು. ಒಂಟಿಯಾಗಿಡುವುದು ನನಗೂ ಇಷ್ಟವಿಲ್ಲ. ನನ್ನ ಉತ್ತರ ಮಾತ್ರ ಕೆಲವರಿಗೆ ಸಪ್ಪೆ ಅನಿಸುತ್ತದೆ. ಇನ್ನೊಂದು ಗೋಲ್ಡ್ ಫಿಶ್ ಬಿಡಿ ಅಂತೇನೆ. ಅದೂ ಅದೇ ಮೈಕಟ್ಟಿನದು, ಅಷ್ಟೇ ವೇಗದಲ್ಲಿ ಈಜುವಂಥದು. ಬಣ್ಣಬಣ್ಣದ ಬೇರೆ ಮೀನುಗಳನ್ನು ಕಲ್ಪಿಸಿಕೊಂಡು ಬಂದವರಿಗೆ ಅಷ್ಟಕ್ಕೆ ಸಮಾಧಾನ ಆಗುವುದಿಲ್ಲ. ಹಾಗಾಗಿ ಕಾರಣಗಳನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ನೀರಿನ ತಂಪು. ಗೋಲ್ಡ್ ಫಿಶ್ ಕಾರ್ಪ್ ಕುಟುಂಬದ್ದು. 18ರಿಂದ 23 ಡಿಗ್ರಿಯ ನೀರಿನಲ್ಲಿ ಆರಾಮಾಗಿರುತ್ತದೆ. ಅಂಗಡಿಯಲ್ಲಿ ಅದರ ಪಕ್ಕದ ಟ್ಯಾಂಕ್‌ಗಳಲ್ಲಿ ಕಾಣುವ ಏಂಜಲ್, ಗೌರಾಮಿ, ಫೈಟರ್‌ಗಳಿಗೆ 25ರಿಂದ 28 ಡಿಗ್ರಿ ಬೇಕು. ತೀರ್ಥಹಳ್ಳಿ, ಹೊಸನಗರದ ಕಡೆ ಡಿಸೆಂಬರ್ ರಾತ್ರಿಯಲ್ಲಿ ಹೆಂಚಿನ ಮನೆಯ ಜಗಲಿಯಲ್ಲಿಟ್ಟ ಟ್ಯಾಂಕಿನ ನೀರು 20ಕ್ಕಿಂತ ಕೆಳಗೆ ಇಳಿಯುತ್ತದೆ. ಗೋಲ್ಡ್ ಫಿಶ್‌ಗೆ ಅದು ಹಿತ. ಏಂಜಲ್ ಮೂಲೆ ಹಿಡಿಯುತ್ತದೆ, ತಿನ್ನುವುದು ಬಿಡುತ್ತದೆ, ಮೈಮೇಲೆ ಬಿಳಿ ಚುಕ್ಕೆ ಏಳುತ್ತದೆ. ಅದಕ್ಕೆ ಅಂತ ಹೀಟರ್ ಹಾಕಿದರೆ ಕಷ್ಟ ಗೋಲ್ಡ್ ಫಿಶ್‌ಗೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರಿಗೆ ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ ಕರಗುತ್ತದೆ, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಬಿಸಿಗೆ ಮೀನಿನ ಹಸಿವೂ ಉಸಿರಾಟವೂ ಜಾಸ್ತಿಯಾಗುತ್ತವೆ. ಎರಡಕ್ಕೂ ಆಗಲಿ ಅಂತ ನಡುವಿನ ಒಂದು ಡಿಗ್ರಿಗೆ ಇಟ್ಟರೆ, ಎರಡೂ ಸಹಿಸಿಕೊಂಡಿರುತ್ತವೆ ಅಷ್ಟೆ. ಶಿವಮೊಗ್ಗದ ಏಪ್ರಿಲ್ ಬಿಸಿಲನ್ನೇ ಗೋಲ್ಡ್ ಫಿಶ್ ಹೇಗೋ ದಾಟಬೇಕು. ಚಳಿಗಾಲದಲ್ಲೂ ಬೇಸಿಗೆ ತೋರಿಸುವುದು ಬೇಡ.

ಗೋಲ್ಡ್ ಫಿಶ್ ಅಂದಮೇಲೆ ಎಲ್ಲವೂ ಒಂದೇ ಅಂತಲೂ ಅಲ್ಲ. ಕಾಮೆಟ್, ಶುಬುಂಕಿನ್ ಇವು ಉದ್ದ ಮೈಯ, ಒಂಟಿ ಬಾಲದ ಮೀನುಗಳು. ಒರಾಂಡಾ, ರ್ಯೂಕಿನ್, ರಾಂಚು, ಬ್ಲ್ಯಾಕ್ ಮೂರ್ ಇವು ದುಂಡು ಮೈಯವು, ಜೋಡಿ ಬಾಲದವು. ಎರಡನ್ನೂ ಒಂದೇ ಟ್ಯಾಂಕಿನಲ್ಲಿ ಬಿಟ್ಟವರು ಊಟದ ಹೊತ್ತಿಗೆ ಎದುರು ಕೂತು ಒಮ್ಮೆ ನೋಡಬೇಕು. ಕಾಳು ನೀರಿಗೆ ಬಿದ್ದ ತಕ್ಷಣ ಕಾಮೆಟ್ ಮೇಲಕ್ಕೆ ನುಗ್ಗಿ ಎರಡು ಸುತ್ತು ಹೊಡೆದು ಬಾಯಿ ತುಂಬಿಸಿಕೊಂಡಿರುತ್ತದೆ. ಅಷ್ಟು ಹೊತ್ತಿಗೆ ಒರಾಂಡಾ ಇಡೀ ಮೈ ಅಲ್ಲಾಡಿಸುತ್ತಾ ಅರ್ಧ ದಾರಿಗೆ ಬಂದಿರುತ್ತದೆ. ಬ್ಲ್ಯಾಕ್ ಮೂರ್‌ಗೆ ದೃಷ್ಟಿಯೂ ಮಂದ. ಕಾಳು ತಳಕ್ಕೆ ಬಿದ್ದ ಮೇಲೆ ಮೂಸಿ ಮೂಸಿ ಹುಡುಕುತ್ತದೆ, ಅಲ್ಲಿಗೂ ಕಾಮೆಟ್ ಬಂದಿರುತ್ತದೆ. ಜಗಳ ಇಲ್ಲ, ಕಚ್ಚಾಟ ಇಲ್ಲ, ಆದರೂ ಒಂದು ಬೆಳೆಯುತ್ತಾ ಹೋಗುತ್ತದೆ, ಇನ್ನೊಂದರ ಬೆನ್ನು ಸೊರಗುತ್ತದೆ. "ಚೆನ್ನಾಗಿ ತಿನ್ನುತ್ತವೆ ಡಾಕ್ಟ್ರೇ" ಅನ್ನುವವರಿಗೆ ನಾನು ಕೇಳುವುದು, ಯಾವುದು ತಿನ್ನುತ್ತದೆ ಅಂತ ನೋಡಿದ್ದೀರಾ?

ದುಂಡು ಮೈಯವು ಎರಡೋ ಮೂರೋ ಸಾಕು. ಅವಕ್ಕೆ ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಬೇಕು. ಅಂಚಿನವರೆಗೆ ತುಂಬಿದರೆ ಸುಮಾರು 190 ಲೀಟರ್ ಹಿಡಿಯುತ್ತದೆ. ಕಾಮೆಟ್‌ಗಳಂತೂ ಒಂದಡಿ ಉದ್ದದವರೆಗೂ ಬೆಳೆಯಬಲ್ಲವು. ಅವಕ್ಕೆ ಅಂಗಳದ ಸಿಮೆಂಟ್ ತೊಟ್ಟಿಯೇ ಸರಿ, ಮೇಲೆ ಬಲೆ ಹಾಕಿರಬೇಕು, ಮಿಂಚುಳ್ಳಿ ಬಿಡುವುದಿಲ್ಲ. ಬಬಲ್ ಐ ಅಂತ ಕಣ್ಣಿನ ಕೆಳಗೆ ನೀರಿನ ಚೀಲ ಇರುವ ತಳಿ ಇದೆ. ಅದನ್ನು ಅದರ ಜಾತಿಯ ಜೊತೆಗಷ್ಟೇ ಬಿಡಿ. ಆ ಚೀಲ ಒಡೆಯಲು ಒಂದು ಚೂಪು ಕಲ್ಲು ಸಾಕು.

ಇನ್ನು ಸಕ್ಕರ್ ಮೀನಿನ ವಿಷಯ. ನನ್ನ ಹತ್ತಿರ ಬರುವ ಗೋಲ್ಡ್ ಫಿಶ್ ಗಾಯಗಳಲ್ಲಿ ಹೆಚ್ಚು ಬೇಸರ ತರಿಸುವುದು ಇದು. ಯಾಕೆಂದರೆ ಇದು ಪೂರ್ತಿ ತಪ್ಪಿಸಬಹುದಾದ ಗಾಯ. "ಗಾಜು ಕ್ಲೀನ್ ಮಾಡುತ್ತೆ, ತಗೊಳ್ಳಿ" ಅಂತ ಅಂಗಡಿಯಲ್ಲಿ ಎರಡಿಂಚಿನ ಮರಿ ಕೊಡುತ್ತಾರೆ. ಮರಿ ಇರುವಾಗ ನಿಜವಾಗಿಯೂ ಪಾಚಿ ಕೆರೆಯುತ್ತದೆ. ಬೆಳೆಯುತ್ತಾ ಪಾಚಿಯ ಮೇಲಿನ ಆಸೆ ಕಡಿಮೆಯಾಗುತ್ತದೆ. ಗೋಲ್ಡ್ ಫಿಶ್ ಮೈಮೇಲೆ ದಪ್ಪಗೆ ಲೋಳೆ ಇರುತ್ತದೆ. ಅದು ನಿಧಾನಿ, ರಾತ್ರಿ ತಳದಲ್ಲಿ ಸುಮ್ನೆ ನಿಂತುಬಿಡುತ್ತದೆ. ಸಕ್ಕರ್ ಓಡಾಡುವುದೇ ರಾತ್ರಿ. ಬಂದು ಪಕ್ಕೆಗೆ ಬಾಯಿ ಅಂಟಿಸಿ ಆ ಲೋಳೆ ಹೀರುತ್ತದೆ. ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಬೆಳಿಗ್ಗೆ ನೋಡಿದರೆ ಹೊಟ್ಟೆಯ ಪಕ್ಕದಲ್ಲಿ ಹೊಳಪು ಹೋಗಿ ಮಂಕಾದ ಜಾಗ, ಆಮೇಲೆ ಎದ್ದ ಹುರುಪೆ, ಅದರಡಿ ಕೆಂಪು. ಲೋಳೆ ಅಂದರೆ ಮೀನಿನ ರಕ್ಷಣೆಯ ಪದರ. ಅದು ಹೋದ ಜಾಗಕ್ಕೆ ಬೂಸು, ಬ್ಯಾಕ್ಟೀರಿಯಾ ಎರಡೂ ಬರುತ್ತವೆ. ಎಷ್ಟೋ ಜನ ಔಷಧಿ ಹಾಕಿ, ಉಪ್ಪು ಹಾಕಿ, ವಾಸಿಯಾಗಲಿಲ್ಲ ಅಂತ ಬರುತ್ತಾರೆ. ಟ್ಯಾಂಕಿನಲ್ಲಿ ಸಕ್ಕರ್ ಇದೆಯಾ ಅಂದರೆ, "ಅದು ಪಾಪ, ಏನೂ ಮಾಡಲ್ಲ" ಅನ್ನುತ್ತಾರೆ. ಅದನ್ನು ಬೇರೆ ಮಾಡಿ, ನೀರು ಚೊಕ್ಕವಾಗಿಟ್ಟರೆ, ಆಳವಿಲ್ಲದ ಗಾಯಗಳು ತಾವಾಗಿಯೇ ಮಾಯುತ್ತವೆ. ಗಾಜಿನ ಪಾಚಿಗೆ ಒಂದು ಸ್ಪಾಂಜ್ ತುಂಡು ಸಾಕಲ್ವಾ?

ಕೋರಿಡೋರಸ್ ಅನ್ನುವ ಪುಟ್ಟ ಕ್ಯಾಟ್‌ಫಿಶ್‌ನದು ಇದಕ್ಕೆ ಉಲ್ಟಾ ಕಥೆ. ಇಲ್ಲಿ ಪಾಪದ್ದು ಅದು, ಅಪಾಯ ಇಬ್ಬರಿಗೂ. ಗೋಲ್ಡ್ ಫಿಶ್‌ಗೆ ಹೊಟ್ಟೆಯ ಚೀಲವೇ ಇಲ್ಲ, ತಿಂದದ್ದು ನೇರ ಕರುಳಿಗೆ. ಹಾಗಾಗಿ ದಿನವಿಡೀ ಮೇಯುತ್ತಿರುತ್ತದೆ, ಬಾಯಿಗೆ ಹಿಡಿಸಿದ್ದನ್ನೆಲ್ಲ ಒಳಗೆಳೆದು ನೋಡುತ್ತದೆ. ಕೋರಿಡೋರಸ್ ಹೆದರಿದರೆ ಬೆನ್ನಿನ ಮುಳ್ಳನ್ನೂ ಪಕ್ಕದ ಮುಳ್ಳುಗಳನ್ನೂ ಸೆಟೆಸಿ ಲಾಕ್ ಮಾಡಿಕೊಳ್ಳುತ್ತದೆ. ಗಂಟಲಲ್ಲಿ ಸಿಕ್ಕಿಕೊಂಡರೆ ಮುಂದಕ್ಕೂ ಹೋಗುವುದಿಲ್ಲ, ಹಿಂದಕ್ಕೂ ಬರುವುದಿಲ್ಲ. ಬಾಯಿ ತೆರೆದೇ ಇರುವ ಗೋಲ್ಡ್ ಫಿಶ್ ಕಂಡರೆ ಎಳೆಯಲು ಹೋಗಬೇಡಿ, ಕಿವಿರು ಹರಿಯುತ್ತದೆ. ನೀರು ಸಮೇತ ಬಕೆಟ್‌ನಲ್ಲಿ ಮೀನು ನೋಡುವ ಪಶುವೈದ್ಯರ ಹತ್ತಿರ ತನ್ನಿ.

ಟೈಗರ್ ಬಾರ್ಬ್ ಬಾಲ ಹರಿಯುತ್ತದೆ. ಆಸ್ಕರ್, ಫ್ಲವರ್ ಹಾರ್ನ್ ಇಡೀ ಮೀನನ್ನೇ ಮುಗಿಸುತ್ತವೆ. ಗಪ್ಪಿ, ಸೀಗಡಿ ಗೋಲ್ಡ್ ಫಿಶ್‌ನ ಬಾಯಿಗೇ ಹೋಗುತ್ತವೆ. ಆಮೆ ಜೊತೆ ಬಿಡುವುದಂತೂ ಕೇಳಲೇಬೇಡಿ.

ಹಾಗಾದರೆ ಬೇರೆ ಯಾವುದೂ ಇಲ್ಲವಾ? ಇದೆ. ಝೀಬ್ರಾ ಡೇನಿಯೋ ನಮ್ಮ ದೇಶದ್ದೇ ಮೀನು, ತಂಪು ನೀರಿಗೆ ಒಗ್ಗುತ್ತದೆ, ಚುರುಕು. ಗೋಲ್ಡ್ ಫಿಶ್ ಬೆನ್ನಟ್ಟಿದರೂ ಸಿಗುವುದಿಲ್ಲ. ನಾಲ್ಕಡಿ ಟ್ಯಾಂಕ್ ಇದ್ದವರು ಎಂಟು ಹತ್ತು ಡೇನಿಯೋ ಒಟ್ಟಿಗೆ ಬಿಡಬಹುದು. ಎರಡೇ ಬಿಟ್ಟರೆ ಅವು ಸುಮ್ಮನಿರದೆ ಗೋಲ್ಡ್ ಫಿಶ್‌ನ ಬಾಲ ಕೆದಕುತ್ತವೆ. ಚೀನಾದ ವೈಟ್ ಕ್ಲೌಡ್ ಮೀನು ತಂಪಿಗೆ ಇನ್ನೂ ಚೆನ್ನಾಗಿ ಹೊಂದುತ್ತದೆ. ಆದರೆ ಪೂರ್ತಿ ಬೆಳೆದರೂ ನಾಲ್ಕು ಸೆಂಟಿಮೀಟರ್ ಅಷ್ಟೆ. ದೊಡ್ಡ ಗೋಲ್ಡ್ ಫಿಶ್ ಇರುವಲ್ಲಿ ಬೇಡ. ರೋಸಿ ಬಾರ್ಬ್ ಕಾಮೆಟ್ ಜೊತೆ ಆದೀತು, ಉದ್ದ ಬಾಲದ ಒರಾಂಡಾ ಜೊತೆ ನಾನು ಬಿಡುವುದಿಲ್ಲ. ಅಂಗಡಿಯಲ್ಲಿ ಸಿಗುವ ಹಳದಿ ಆಪಲ್ ಬಸವನಹುಳು ಪರವಾಗಿಲ್ಲ, ಮೀಸೆಯನ್ನು ಆಗಾಗ ಮೀನು ಕಚ್ಚುತ್ತದೆ. ಗದ್ದೆಯ ಬಸವನಹುಳು ಮಾತ್ರ ತರಬೇಡಿ. ಮೀನಿಗೆ ಹತ್ತುವ ಎಷ್ಟೋ ಪರೋಪಜೀವಿಗಳು ಮೊದಲು ಬೆಳೆಯುವುದು ಬಸವನಹುಳದ ಮೈಯಲ್ಲೇ.

ಮಲೆನಾಡಿನಲ್ಲಿ ಇನ್ನೊಂದು ಆಸೆ ಸಹಜ. ಮಳೆಗಾಲದ ಶುರುವಿಗೆ ಹತ್ತುಮೀನು ಏರುವಾಗ ಮಕ್ಕಳು ಹಳ್ಳದಿಂದ ಸಣ್ಣ ಮೀನು ಹಿಡಿದು ತಂದು ಟ್ಯಾಂಕಿಗೆ ಬಿಡುತ್ತಾರೆ. ಕಲ್ಲಿಗೆ ಅಂಟಿಕೊಂಡಿರುವ ಚಪ್ಪಟೆ ಮೀನು ನೋಡಲು ಚೆಂದವೇ. ಅದು ಪಶ್ಚಿಮ ಘಟ್ಟದ ರಭಸದ ನೀರಿಗೆ ಹೊಂದಿಕೊಂಡ ಜೀವ. ಹರಿಯುವ ನೀರಿನ ಆಮ್ಲಜನಕ ಬೇಕು, ಕಲ್ಲಿನ ಮೇಲಿನ ತೆಳು ಪಾಚಿ ಬೇಕು. ಗೋಲ್ಡ್ ಫಿಶ್ ಟ್ಯಾಂಕಿನಲ್ಲಿ ಎರಡೂ ಇಲ್ಲ. ಕೆಲವು ವಾರ ಗಾಜಿಗೆ ಅಂಟಿಕೊಂಡಿದ್ದು ಹಸಿವಿನಿಂದ ಸಾಯುತ್ತದೆ. ಮರಳಲ್ಲಿ ಹುದುಗುವ ಇನ್ನೊಂದು ಸಣ್ಣ ಮೀನಿಗೆ ಕಣ್ಣಿನ ಕೆಳಗೆ ಮುಳ್ಳಿದೆ, ನುಂಗಿದ ಗೋಲ್ಡ್ ಫಿಶ್‌ಗೆ ಕೋರಿಡೋರಸ್‌ನದೇ ಗತಿ. ಈ ಮೀನುಗಳನ್ನು ಮಕ್ಕಳಿಗೆ ಹಳ್ಳದಲ್ಲೇ ತೋರಿಸಿ.

ಯಾವ ಮೀನು ಅನ್ನುವುದರ ಜೊತೆಗೆ ಎಷ್ಟು ಅನ್ನುವುದೂ ನಮ್ಮ ಕಡೆ ತುಂಬ ಮುಖ್ಯ. ಅದಕ್ಕೆ ಕಾರಣ ನೀರು. ಅಬ್ಬಿ ನೀರು, ಬಾವಿ ನೀರು ಕುಡಿಯಲು ಎಷ್ಟು ಸಿಹಿಯೋ ಅಷ್ಟೇ ಮೆದು. ಸುಣ್ಣದ ಅಂಶ ಬಹಳ ಕಡಿಮೆ. ಮೀನು ಕಿವಿರಿನಿಂದ ಬಿಡುವ ಅಮೋನಿಯಾವನ್ನು ಫಿಲ್ಟರಿನ ಬ್ಯಾಕ್ಟೀರಿಯಾಗಳು ನೈಟ್ರೇಟ್ ಮಾಡುತ್ತವೆ. ಆ ಕೆಲಸದಲ್ಲಿ ಅಮೋನಿಯಾದಲ್ಲಿರುವ ಒಂದು ಗ್ರಾಂ ಸಾರಜನಕಕ್ಕೆ ಸುಮಾರು ಏಳು ಗ್ರಾಂ ಸುಣ್ಣಕಲ್ಲಿನಷ್ಟು ಕ್ಷಾರ ಖರ್ಚಾಗುತ್ತದೆ. ಮೆದು ನೀರಿನಲ್ಲಿ ಆ ಗಂಟು ಬೇಗ ಕರಗಿ ನೀರು ಹುಳಿಯಾಗುತ್ತದೆ. ಪಿಎಚ್ 6ಕ್ಕಿಂತ ಇಳಿದರೆ ಬ್ಯಾಕ್ಟೀರಿಯಾಗಳು ಹೆಚ್ಚುಕಡಿಮೆ ಕೆಲಸ ನಿಲ್ಲಿಸುತ್ತವೆ. ಅಮೋನಿಯಾ ಕೂಡಿಬೀಳುತ್ತದೆ, ಆದರೆ ಹುಳಿ ನೀರಿನಲ್ಲಿ ಅದು ಅಷ್ಟು ವಿಷವಲ್ಲದ ರೂಪದಲ್ಲಿರುತ್ತದೆ. ಮೀನು ಹೇಗೋ ಬದುಕಿರುತ್ತದೆ. ಆಗ ಮನೆಯವರು ಕಾಳಜಿಯಿಂದ ಅರ್ಧಕ್ಕಿಂತ ಜಾಸ್ತಿ ನೀರು ತೆಗೆದು, ಪಿಎಚ್ ಹೆಚ್ಚಿರುವ ಹೊಸ ನೀರು ತುಂಬುತ್ತಾರೆ. ಪಿಎಚ್ ಏರುತ್ತಿದ್ದಂತೆ ಉಳಿದ ಅಮೋನಿಯಾ ವಿಷದ ರೂಪಕ್ಕೆ ತಿರುಗುತ್ತದೆ. "ನೀರು ಬದಲಾಯಿಸಿದ ಮೇಲೇ ಸತ್ತವು ಡಾಕ್ಟ್ರೇ" ಅಂತ ಅಳುಮುಖ ಮಾಡಿಕೊಂಡು ಬರುವವರ ಕಥೆ ಎಷ್ಟೋ ಸಲ ಇದೇ.

ಜೊತೆ ಮೀನು ಒಂದೊಂದು ಹೆಚ್ಚಿದಂತೆ ಈ ಕ್ಷಾರ ಇನ್ನೂ ಬೇಗ ಖರ್ಚಾಗುತ್ತದೆ. ಹಾಗಾಗಿ ಹೊಸ ಮೀನಿಗಿಂತ ಮೊದಲು ಕೆಎಚ್, ಅಂದರೆ ನೀರಿನಲ್ಲಿ ಈ ಕ್ಷಾರ ಎಷ್ಟಿದೆ ಅನ್ನುವ ಅಳತೆ, ಅದರ ಪರೀಕ್ಷೆಯ ಕಿಟ್ ಕೊಳ್ಳಿ. 4ಕ್ಕಿಂತ ಕಡಿಮೆ ಬಂದರೆ ಚೆನ್ನಾಗಿ ತೊಳೆದು ಪುಡಿಮಾಡಿದ ಕಪ್ಪೆಚಿಪ್ಪನ್ನು ಬಲೆಚೀಲದಲ್ಲಿ ಕಟ್ಟಿ ಫಿಲ್ಟರಿನಲ್ಲಿಡಿ, ನಿಧಾನಕ್ಕೆ ಕರಗುತ್ತಾ ನೀರು ಹುಳಿಯಾಗದಂತೆ ತಡೆಯುತ್ತದೆ. ನೀರು ಬದಲಾಯಿಸುವುದಾದರೆ ವಾರಕ್ಕೆ ನಾಲ್ಕನೇ ಒಂದು ಭಾಗ. ಊರಿನ ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರವ ಹಾಕಿಯೇ ಬಿಡಿ.

ಹೊಸ ಮೀನು ತಂದ ದಿನವೇ ಹಳೆಯದರ ಜೊತೆ ಬಿಡಬೇಡಿ. ಬೇರೆ ಟಬ್ಬಿನಲ್ಲಿ ಏರ್ ಪಂಪ್ ಹಾಕಿ ನಾಲ್ಕು ವಾರ ಇಡಿ. ವಾರ ಸಾಕು ಅನ್ನುವವರಿದ್ದಾರೆ. ಬಿಳಿ ಚುಕ್ಕೆ ರೋಗದ ಜೀವಿ 25 ಡಿಗ್ರಿಯಲ್ಲಿ ಒಂದು ವಾರದೊಳಗೆ ತನ್ನ ಸುತ್ತು ಮುಗಿಸುತ್ತದೆ, ನಮ್ಮ ಚಳಿಗಾಲದ ನೀರಿನಲ್ಲಿ ಅದಕ್ಕೇ ಎರಡು ಮೂರು ವಾರ ಬೇಕಾಗಬಹುದು. ಆ ದಿನಗಳಲ್ಲಿ ಮೈಮೇಲೆ ದಾರದ ತುಂಡಿನಂತೆ ನೇತಾಡುವ ಆಂಕರ್ ಹುಳ ಇದೆಯಾ, ಮೀನು ಮೈಯನ್ನು ಕಲ್ಲಿಗೆ ಉಜ್ಜುತ್ತಿದೆಯಾ ನೋಡುತ್ತಿರಿ.

ಈಗಾಗಲೇ ಹೊಂದದ ಮೀನುಗಳು ಒಟ್ಟಿಗಿದ್ದರೆ ಗಾಬರಿ ಬೇಡ. ನಡುವೆ ತೂತಿರುವ ಪ್ಲಾಸ್ಟಿಕ್ ತಡೆ ಹಾಕಿ ಇವತ್ತೇ ಬೇರೆ ಮಾಡಿ. ಸಕ್ಕರ್ ಬೇಡವಾದರೆ ಅಂಗಡಿಗೆ ಹಿಂದಿರುಗಿಸಿ, ದೊಡ್ಡ ಟ್ಯಾಂಕ್ ಇದ್ದವರಿಗೆ ಕೊಡಿ. ತುಂಗೆಗೋ ಊರ ಕೆರೆಗೋ ದಯವಿಟ್ಟು ಬಿಡಬೇಡಿ. ದಕ್ಷಿಣ ಅಮೆರಿಕದ ಈ ಮೀನು ಕೇರಳ, ಆಂಧ್ರ, ಬಂಗಾಳದ ನೀರುಗಳಲ್ಲಿ ಬೇರೂರಿ, ದಂಡೆ ಕೊರೆದು, ಮೀನುಗಾರರ ಬಲೆ ಹರಿಯುತ್ತಿದೆ. ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಯಲ್ಲಿ ಜನ ಕಾಪಾಡಿಕೊಂಡು ಬಂದ ಮೀನುಗಳು ಇದೇ ತುಂಗೆಯಲ್ಲಿವೆ. ಸಾಕುವುದಕ್ಕೂ ಆಗದೆ, ಕೊಡಲು ಯಾರೂ ಸಿಗದೆ ಇದ್ದರೆ ನನಗೆ ಹೇಳಿ, ಯಾರಾದರೂ ಸಿಗುವವರೆಗೆ ನನ್ನ ತೊಟ್ಟಿಯಲ್ಲಿ ಇಟ್ಟುಕೊಳ್ಳುತ್ತೇನೆ.